ಉಪ್ಪು ಕಮ್ಮಿ ಇರಲಿ ಎನ್ನುವವರಿಗೆ

ಮನೆಯಲ್ಲಿ ಹವಳದ ಟ್ಯಾಂಕ್ ಇಟ್ಟವರ ನಡುವೆ ಒಂದು ಮಾತು ಶಾಸ್ತ್ರವಾಕ್ಯದಂತೆ ಓಡಾಡುತ್ತಿದೆ: ಉಪ್ಪು ಸ್ವಲ್ಪ ಕಮ್ಮಿ ಇದ್ದರೇ ಒಳ್ಳೆಯದು. ಬೆಂಗಳೂರಿನ ಅಂಗಡಿಗಳಲ್ಲಿ ಹವಳದ ತುಂಡನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಗಾಳಿ ತುಂಬಿ, ರಬ್ಬರ್ ಬ್ಯಾಂಡ್ ಬಿಗಿಯುತ್ತಲೇ ಹುಡುಗ ಹೇಳಿಬಿಡುತ್ತಾನೆ: ‘ಟ್ವೆಂಟಿ ಟೂ ಇಡಿ ಸಾರ್, ಸಾಕು. ಮೀನಿಗೂ ಆರಾಮ, ನಿಮಗೂ ಉಪ್ಪು ಉಳಿಯುತ್ತೆ.’ ಕೊಂಡವರು ಅದನ್ನು ಮನೆಗೆ ತರುತ್ತಾರೆ, ಮುಂದಿನವರಿಗೆ ದಾಟಿಸುತ್ತಾರೆ. ಹೀಗೆ ಅಂಗಡಿಯ ಒಂದು ಅನುಕೂಲ ಹವ್ಯಾಸದ ನಿಯಮವಾಗಿ ಕೂತಿದೆ.

‘ಟ್ವೆಂಟಿ ಟೂ’ ಅಂದರೆ ಸಾಪೇಕ್ಷ ಸಾಂದ್ರತೆ 1.022. ಅಷ್ಟೇ ಬಿಸಿಯ ಶುದ್ಧ ನೀರಿಗೆ ಹೋಲಿಸಿದರೆ ಟ್ಯಾಂಕಿನ ನೀರು ಎಷ್ಟು ಪಟ್ಟು ಭಾರ ಎನ್ನುವ ಲೆಕ್ಕ. ತೆರೆದ ಸಾಗರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. 25 ಡಿಗ್ರಿಯಲ್ಲಿ ಅಂಥ ನೀರಿನ ಸಾಪೇಕ್ಷ ಸಾಂದ್ರತೆ 1.0264. ಅದು 1.022ಕ್ಕೆ ಬಂದರೆ ಲವಣ 29 ಗ್ರಾಂ ಆಸುಪಾಸಿಗೆ ಇಳಿದಿರುತ್ತದೆ. ದಶಮಾಂಶದ ಮೂರನೆಯ ಮನೆಯಲ್ಲಿ ನಾಲ್ಕು ಅಂಕಿ ಹಿಂದೆ ಸರಿದದ್ದು ನೋಡುವವರಿಗೆ ಏನೂ ಅನ್ನಿಸುವುದಿಲ್ಲ. ಆದರೆ 200 ಲೀಟರಿನ ಟ್ಯಾಂಕಿನಲ್ಲಿ ಅದು 1 ಕಿಲೋ 200 ಗ್ರಾಂ ಉಪ್ಪಿನ ಕೊರತೆ. ಅಷ್ಟನ್ನು ತಕ್ಕಡಿಯಲ್ಲಿ ತೂಗಿ ಮೇಜಿನ ಮೇಲೆ ಸುರಿದು ತೋರಿಸಿದರೆ ಯಾರ ಬಾಯಲ್ಲೂ ‘ಸ್ವಲ್ಪ’ ಎಂಬ ಮಾತು ಬರಲಿಕ್ಕಿಲ್ಲ.

ಮೀನು ಮಾತ್ರ ಇರುವ ಟ್ಯಾಂಕಿಗೆ, ಬಂದ ಮೀನನ್ನು ಒಂದೆರಡು ವಾರದಲ್ಲಿ ಮಾರಿಬಿಡುವ ಅಂಗಡಿಗೆ ಈ ಉಪದೇಶದಲ್ಲಿ ಹುರುಳಿದೆ. ಹವಳದ ಟ್ಯಾಂಕಿಗೆ ಇದು ಸಲ್ಲುವುದಿಲ್ಲ. ಹವಳ ಸಾಕುವವರು 35ರಲ್ಲಿ ನಿಲ್ಲಬೇಕು. ನೀರು 35ರಲ್ಲಿದೆ ಎಂದು ಹೇಗೆ ಗೊತ್ತಾಯಿತು ಅಂತ ಕೇಳಿದರೆ ಉತ್ತರ ಹೇಳಲು ಬರಬೇಕು. ಇದು ನನ್ನ ವಾದ. ಕಮ್ಮಿ ಪಕ್ಷದವರು ಮುಂದಿಡುವ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಅವರ ಮಾತಿನಲ್ಲಿ ನಿಜ ಇರುವ ಕಡೆ ಇದೆ ಎಂದೇ ಹೇಳುತ್ತೇನೆ.

ಮೊದಲನೆಯದು, ‘ಮೀನಿಗೆ ಆರಾಮ’. ಇದು ಸುಳ್ಳಲ್ಲ. ಕಡಲಿನ ಮೂಳೆಮೀನುಗಳ ರಕ್ತದಲ್ಲಿ ಇರುವ ಲವಣ ಸಮುದ್ರದ ನೀರಿನ ಮೂರನೇ ಒಂದರಷ್ಟು. ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ. ಹಾಗಾಗಿ ಮೈಯ ನೀರು ಸದಾ ಹೊರಗೆ ಸೋರಿಹೋಗುತ್ತಿರುತ್ತದೆ. ಮೀನು ಸಮುದ್ರದ ನೀರನ್ನೇ ಕುಡಿದು, ಕುಡಿದ ಉಪ್ಪನ್ನು ಕಿವಿರುಗಳ ವಿಶೇಷ ಕೋಶಗಳ ಮೂಲಕ ಹೊರಗೆ ತಳ್ಳಿ ಬದುಕುತ್ತದೆ. ಇದಕ್ಕೆ ಶಕ್ತಿ ಬೇಕು. ಹೊರಗಿನ ಉಪ್ಪು ಇಳಿದಷ್ಟೂ ಈ ದುಡಿಮೆ ಇಳಿಯುತ್ತದೆ. ವಿಮಾನದಲ್ಲಿ ಚೀಲದೊಳಗೆ ಬಳಲಿ ಬಂದ ಮೀನಿಗೆ ಅಂಗಡಿಯವರು ಕೆಲವು ದಿನ ಕಡಿಮೆ ಉಪ್ಪಿನ ನೀರು ಕೊಟ್ಟರೆ ಅದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ.

ಆದರೆ ನೀವು ಟ್ಯಾಂಕಿಗೆ ಹವಳ ತಂದಿದ್ದೀರಿ. ಹವಳಕ್ಕೆ ಕಿವಿರಿಲ್ಲ, ಮೂತ್ರಪಿಂಡವಿಲ್ಲ, ಉಪ್ಪನ್ನು ಒಳಗೂ ಹೊರಗೂ ತೂಗಿಸಿಕೊಳ್ಳುವ ಅಂಗವೇ ಇಲ್ಲ. ಹೊರಗಿನ ನೀರು ಹೇಗಿದೆಯೋ ಮೈಯೊಳಗಿನ ದ್ರವವೂ ಹಾಗೇ ಆಗುತ್ತದೆ. ನಕ್ಷತ್ರಮೀನು, ಸೀ ಅರ್ಚಿನ್, ಪಾಚಿ ಮೇಯಲು ಬಿಟ್ಟ ಶಂಖದ ಹುಳ ಎಲ್ಲವೂ ಇದೇ ಜಾತಿ. ಹೊರಗೆ ಉಪ್ಪು ಇಳಿದಾಗ ಇವುಗಳ ಕೋಶಕ್ಕೆ ನೀರು ನುಗ್ಗುತ್ತದೆ, ಏರಿದಾಗ ಹೊರಗೆ ಸೋರುತ್ತದೆ. ನೀಲಿ ಲಿಂಕಿಯಾ ನಕ್ಷತ್ರಮೀನನ್ನು ಅಂಗಡಿಯ ಕಡಿಮೆ ಉಪ್ಪಿನ ನೀರಿನಿಂದ ಮನೆಯ ಟ್ಯಾಂಕಿಗೆ ಅವಸರದಲ್ಲಿ ದಾಟಿಸಿದವರು ಮುಂದಿನದನ್ನು ನೋಡಿರುತ್ತಾರೆ. ಮೊದಲು ಒಂದು ತೋಳಿನ ತುದಿಯಲ್ಲಿ ಬಿಳಿ ಮಚ್ಚೆ ಕಾಣಿಸುತ್ತದೆ. ಆಮೇಲೆ ಆ ಜಾಗದ ಚರ್ಮ ಲೋಳೆಯಾಗಿ ಕಳಚುತ್ತದೆ. ತೋಳು ಕರಗುತ್ತ ನಡುವಿನವರೆಗೂ ಬರುತ್ತದೆ. ಅದೇ ಟ್ಯಾಂಕಿನ ಕ್ಲೌನ್ ಮೀನು ಮಾತ್ರ ಬಾಲ ಆಡಿಸಿಕೊಂಡು ಊಟಕ್ಕೆ ಗಾಜಿನ ಬಳಿ ಬರುತ್ತಲೇ ಇರುತ್ತದೆ. ಉಪ್ಪಿನ ಏರುಪೇರನ್ನು ತಡೆದುಕೊಳ್ಳುವ ಅಂಗ ಇರುವ ಪ್ರಾಣಿಯನ್ನೇ ನೀರಿನ ಸಾಕ್ಷಿಗೆ ಕರೆಯುವುದು ಈ ಪಕ್ಷದ ಮೂಲ ದೋಷ.

ಎರಡನೆಯದು, ಆಮ್ಲಜನಕ. ಉಪ್ಪು ಕಮ್ಮಿಯಾದರೆ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ ಎನ್ನುತ್ತಾರೆ. ಕರಗುತ್ತದೆ, ನಿಜ. ಎಷ್ಟು ಎಂದು ಮಾತ್ರ ಯಾರೂ ಹೇಳುವುದಿಲ್ಲ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 35ರ ಸಮುದ್ರದ ನೀರು ಸುಮಾರು 6.7. ನೀವು 35ರಿಂದ 29ಕ್ಕೆ ಇಳಿದಾಗ ಸಿಗುವ ಲಾಭ ಲೀಟರಿಗೆ ಕಾಲು ಮಿಲಿಗ್ರಾಂ. ನೀರಿನ ಬಿಸಿ 2 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅಷ್ಟೂ ಹೊರಟುಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಚಿಲ್ಲರ್ ಇಲ್ಲದೆ 29, 30 ಡಿಗ್ರಿ ಮುಟ್ಟುವ ಟ್ಯಾಂಕಿಗೆ ಬೇಕಾದದ್ದು ನೀರಿನ ಮೇಲ್ಮೈ ಕದಡುವ ಒಂದು ಪಂಪು ಮತ್ತು ಒಂದು ಫ್ಯಾನು. ಅದನ್ನು ಬಿಟ್ಟು ಉಪ್ಪಿಗೆ ಕೈ ಹಾಕುವುದು ಸಲ್ಲದ ಉಪಚಾರ.

ಮೂರನೆಯದು, ರೋಗ. ‘ಉಪ್ಪು ಇಳಿಸಿದರೆ ಇಕ್ ಬರುವುದಿಲ್ಲ’ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಮೀನಿನ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಮೂಡಿಸುವ ಪರೋಪಜೀವಿ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್‌ಗೆ ಕಡಿಮೆ ಉಪ್ಪಿನ ಚಿಕಿತ್ಸೆ ನಿಜಕ್ಕೂ ಉಂಟು. ಆದರೆ ಆ ಚಿಕಿತ್ಸೆಯ ಅಂಕಿ 1.009 ಆಸುಪಾಸಿನದು, ಅಂದರೆ ಲವಣ 12 ಗ್ರಾಂ ಸುಮಾರು. ಅದನ್ನು ಬೇರೆ ತೊಟ್ಟಿಯಲ್ಲಿ, ಮೀನನ್ನಷ್ಟೇ ಇಟ್ಟು, ವಾರಗಟ್ಟಲೆ, ದಿನವೂ ಅಳೆದು ನಡೆಸಬೇಕು. ಹವಳವೋ ಶಂಖವೋ ಆ ನೀರಿನಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ. 1.022ರಲ್ಲಿ ಈ ಪರೋಪಜೀವಿ ಸುಖವಾಗಿ ಸಂಸಾರ ಮಾಡುತ್ತದೆ. ಔಷಧದ ಅಂಕಿಗೂ ಸಮುದ್ರದ ಅಂಕಿಗೂ ನಡುವೆ ನಿಂತ ಈ ನೀರು ರೋಗವನ್ನೂ ಕೊಲ್ಲುವುದಿಲ್ಲ, ಹವಳವನ್ನೂ ಸಾಕುವುದಿಲ್ಲ. ಹೊಸ ಮೀನನ್ನು ಕ್ವಾರಂಟೈನ್ ತೊಟ್ಟಿಯಲ್ಲಿ ಇಟ್ಟು ನೋಡುವ ತಾಳ್ಮೆ ಇಲ್ಲದವರು ಈ ಅರೆಬರೆ ಅಂಕಿಯ ಹಿಂದೆ ಅಡಗಿಕೊಳ್ಳುತ್ತಾರೆ.

ನಾಲ್ಕನೆಯ ವಾದ ಹೆಚ್ಚು ಓದಿಕೊಂಡವರದು: ‘ಸಮುದ್ರವೇ ಎಲ್ಲ ಕಡೆ ಒಂದೇ ಸಮ ಇಲ್ಲವಲ್ಲ?’ ಇಲ್ಲ, ಒಪ್ಪಿದೆ. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಲವಣ 40 ದಾಟುತ್ತದೆ, ಅಲ್ಲೂ ಹವಳವಿದೆ. ಪರ್ಷಿಯನ್ ಕೊಲ್ಲಿಯಲ್ಲೂ ಇದೆ. ಬಂಗಾಳ ಕೊಲ್ಲಿಯ ಮೇಲ್ನೀರು ಅರಬ್ಬಿ ಸಮುದ್ರಕ್ಕಿಂತ ಸಪ್ಪೆ. ಆದರೆ ಅಲ್ಲಲ್ಲಿನ ಹವಳ ಅಲ್ಲಲ್ಲಿನ ನೀರಿಗೆ ಒಗ್ಗಿದ್ದು ಸಾವಿರಾರು ವರ್ಷಗಳ ಆಯ್ಕೆಯಿಂದ. ಒಗ್ಗದವು ಅಲ್ಲಿ ಉಳಿದಿಲ್ಲ. ಇಂಡೋನೇಷ್ಯಾದ ಕಡಲಿನಿಂದಲೋ ಯಾವುದೋ ಸಾಕಣೆ ತೊಟ್ಟಿಯಿಂದಲೋ ಬಂದ ಬೆರಳುದ್ದದ ತುಂಡಿಗೆ ಆ ಅವಕಾಶವನ್ನು ನೀವು ಕೊಟ್ಟಿಲ್ಲ. ಭೂಮಿಯ ಮೇಲೆ ಎಲ್ಲೆಲ್ಲಿ ಹವಳ ಇದೆ ಎಂಬ ಪಟ್ಟಿ ಹಿಡಿದು ಒಂದೇ ಒಂದು ಹವಳ ಎಷ್ಟನ್ನು ತಾಳುತ್ತದೆ ಎಂದು ತೀರ್ಮಾನಿಸುವುದು ತರ್ಕದ ಪ್ರಕಾರವೇ ತಪ್ಪು.

ಸಮುದ್ರವನ್ನೇ ಸಾಕ್ಷಿಗೆ ಕರೆದಿರಿ, ಹಾಗಾದರೆ ಅದು ಹೇಳುವುದನ್ನು ಪೂರ್ತಿ ಕೇಳಿ. ಭಾರತದ ಹವಳದ ದಿಬ್ಬಗಳಿರುವುದು ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳಲ್ಲಿ. ನಮ್ಮ ಕರಾವಳಿಯಲ್ಲಿ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಬೇಕು. ಗಂಗಾ, ಬ್ರಹ್ಮಪುತ್ರಗಳು ಸಿಹಿನೀರನ್ನೂ ಹೂಳನ್ನೂ ತಂದು ಸುರಿಯುವ ಸುಂದರಬನದ ಕಡಲಿನಲ್ಲಿ ಹವಳದ ದಿಬ್ಬ ಕಟ್ಟಿಲ್ಲ. ಹವಾಯಿಯ ಕಾನಿಯೊಹೆ ಕೊಲ್ಲಿಯಲ್ಲಿ 1987ರ ವರ್ಷಾಂತ್ಯಕ್ಕೆ ಭಾರಿ ಮಳೆ ಸುರಿದು ಹೊಳೆಗಳ ನೆರೆ ಕೊಲ್ಲಿಗೆ ನುಗ್ಗಿತು. ಹಗುರವಾದ ಸಿಹಿನೀರು ಮೇಲೆ ಪದರವಾಗಿ ನಿಂತಿತು. ಆ ಪದರಕ್ಕೆ ಸಿಕ್ಕಿದ ಒಂದೆರಡು ಮೀಟರ್ ಆಳದ ಹವಳ ಸತ್ತುಹೋಯಿತು, ಅದರ ಕೆಳಗಿನದು ಉಳಿಯಿತು. ಸಮುದ್ರದಲ್ಲಿ ಉಪ್ಪು ಏರುಪೇರಾಗುತ್ತದೆ ಎನ್ನುವವರು ಏರುಪೇರಾದಾಗ ಏನಾಯಿತು ಎನ್ನುವುದನ್ನೂ ಹೇಳಬೇಕು.

ಇದೇ ವಾದದ ಬಾಲ ಹಿಡಿದು ಕೆಲವರು ಮಲ್ಪೆಯಿಂದಲೋ ತಣ್ಣೀರುಬಾವಿಯಿಂದಲೋ ಕ್ಯಾನುಗಳಲ್ಲಿ ಕಡಲ ನೀರು ತುಂಬಿ ತರುತ್ತಾರೆ. ಪ್ರಕೃತಿಯೇ ಕೊಟ್ಟ ನೀರು, ಅಳೆಯುವುದೇಕೆ ಎನ್ನುತ್ತಾರೆ. ಮಲ್ಪೆ ಇರುವುದು ಹೊಳೆಯ ಬಾಯಿಯಲ್ಲಿ. ತಣ್ಣೀರುಬಾವಿಯ ಪಕ್ಕದಲ್ಲೇ ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುತ್ತವೆ. ಆಷಾಢ, ಶ್ರಾವಣದಲ್ಲಿ ಘಟ್ಟದ ಮಳೆಯೆಲ್ಲ ಕೆಂಪಾಗಿ ಅಲ್ಲಿಗೇ ಬಂದು ಬೀಳುತ್ತದೆ. ಆ ದಿನಗಳಲ್ಲಿ ದಡದಲ್ಲಿ ನಿಂತು ಮೊಗೆದ ನೀರು ಅರಬ್ಬಿ ಸಮುದ್ರದ್ದು ಎನ್ನುವುದು ಹೆಸರಿಗೆ ಮಾತ್ರ.

ಐದನೆಯ ವಾದವೇ ಎಲ್ಲಕ್ಕಿಂತ ಜಾಣತನದ್ದು. ‘ನೀರು ಆವಿಯಾಗುತ್ತೆ, ಉಪ್ಪು ಹೇಗೂ ಏರುತ್ತೆ. ಮೊದಲೇ ಕೆಳಗೆ ಇಟ್ಟುಕೊಂಡರೆ ಸುರಕ್ಷಿತ.’ ಕೇಳಲು ಒಪ್ಪಿಗೆಯಾಗುತ್ತದೆ. ಲೆಕ್ಕ ಹಾಕಿದರೆ ಉಲ್ಟಾ ಹೊಡೆಯುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ, ಮೇಲೆ ಫ್ಯಾನ್ ತಿರುಗುತ್ತಿರುವ 100 ಲೀಟರಿನ ಟ್ಯಾಂಕ್ ದಿನಕ್ಕೆ 2 ಲೀಟರ್ ಕಳೆದುಕೊಂಡಿತು ಎಂದುಕೊಳ್ಳಿ. 35 ಇದ್ದದ್ದು ಒಂದೇ ದಿನಕ್ಕೆ 35.7. ಸಿಹಿನೀರು ತುಂಬಿದರೆ ಮತ್ತೆ 35. ಈ ಏರಿಳಿತ ನಿಲ್ಲಬೇಕಾದರೆ ಇಳಿದ ನೀರನ್ನು ಆಗಿಂದಾಗಲೇ ತುಂಬುವ ಎಟಿಒ ಬೇಕು, ಇಲ್ಲವೇ ಬೆಳಿಗ್ಗೆ ಸಂಜೆ ಗುರುತಿನ ಗೆರೆ ನೋಡಿ ಆರ್‌ಒ ನೀರು ಹಾಕುವ ಶಿಸ್ತು ಬೇಕು. 29ರಿಂದ ಶುರು ಮಾಡಿದ ಮಾತ್ರಕ್ಕೆ ಏರಿಳಿತ ನಿಲ್ಲುವುದಿಲ್ಲ, ಅದು ಕೆಳಗಿನ ಮಟ್ಟದಲ್ಲಿ ನಡೆಯುತ್ತದೆ ಅಷ್ಟೇ.

ಉಪ್ಪು ಏರುತ್ತದೆ ಎನ್ನುವವರು ಅದು ಇಳಿಯುವ ದಾರಿಗಳ ಸುದ್ದಿ ಎತ್ತುವುದಿಲ್ಲ. ನೀರಿನ ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್‌ನ ಬಟ್ಟಲಿನಲ್ಲಿ ಕಟ್ಟುವ ಚಹಾ ಬಣ್ಣದ ಕೊಳೆನೀರು ಉಪ್ಪುನೀರೇ. ದಿನಕ್ಕೆ ಕಾಲು ಲೀಟರ್ ಅದನ್ನು ಚೆಲ್ಲಿ, ಎಟಿಒ ಆ ಜಾಗಕ್ಕೆ ಸಿಹಿನೀರು ತುಂಬಿದರೆ ದಿನಕ್ಕೆ ಸುಮಾರು 9 ಗ್ರಾಂ ಉಪ್ಪು ಹೊರಹೋಯಿತು. 200 ಲೀಟರಿನ ಟ್ಯಾಂಕಿನಲ್ಲಿ ತಿಂಗಳು ತುಂಬುವಾಗ 35 ಇದ್ದದ್ದು 33.7ಕ್ಕೆ ಬಂದಿರುತ್ತದೆ. ನೀರಿನ ಮಟ್ಟ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ. ಟ್ಯಾಂಕಿನ ಅಂಚಿಗೆ, ಪೈಪಿನ ಬಾಯಿಗೆ ಬಿಳಿಯಾಗಿ ಹತ್ತುವ ಉಪ್ಪಿನ ಹೊಪ್ಪಳೆಯನ್ನು ಒರೆಸಿ ಎಸೆದರೆ ಅದೂ ಖರ್ಚೇ. ಜಮೆಯ ಕಡೆಗೂ ಬಾಬ್ತುಗಳಿವೆ. ಹವಳಕ್ಕೆಂದು ಕ್ಯಾಲ್ಸಿಯಂ ಕ್ಲೋರೈಡ್ ಒಂದು ಬಾಟಲಿಯಿಂದ, ಸೋಡಿಯಂ ಬೈಕಾರ್ಬನೇಟ್ ಇನ್ನೊಂದರಿಂದ ಸುರಿಯುತ್ತೀರಲ್ಲ, ಹವಳ ಅದರಲ್ಲಿ 100 ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟನ್ನು ತನ್ನ ಅಸ್ಥಿಗೆ ಕಟ್ಟಿಕೊಂಡರೆ ನೀರಿನಲ್ಲಿ 117 ಗ್ರಾಂ ಸೋಡಿಯಂ ಕ್ಲೋರೈಡ್ ಹೆಚ್ಚುವರಿಯಾಗಿ ಉಳಿಯುತ್ತದೆ. ಮನೆಯ ಜಮಾಖರ್ಚು ಬರೆಯುವವರಿಗೆ ಇದು ಅರ್ಥವಾಗುತ್ತದೆ: ಎರಡೂ ಕಡೆ ಚಲನೆ ಇರುವಾಗ ಒಂದು ಕಡೆಯದನ್ನಷ್ಟೇ ಹಿಡಿದು ಸುರಕ್ಷತೆಯ ಮಾತಾಡುವಂತಿಲ್ಲ.

ಸುರಕ್ಷತೆ ಎಂದರೆ ಅಪಘಾತ ಆದಾಗ ಎಷ್ಟು ಅಂತರ ಉಳಿದಿದೆ ಎನ್ನುವುದು ತಾನೆ? ಹವಳದ ಟ್ಯಾಂಕಿನಲ್ಲಿ ಮತ್ತೆ ಮತ್ತೆ ಆಗುವ ಅಪಘಾತ ಎಟಿಒದ್ದೇ. ಫ್ಲೋಟ್ ಸ್ವಿಚ್ಚಿಗೆ ಶಂಖದ ಹುಳವೊಂದು ಹತ್ತಿ ಕುಳಿತರೆ ಸಾಕು. ರಾತ್ರಿ ಬೆಳಗಾಗುವುದರೊಳಗೆ ಎಟಿಒ ಡ್ರಮ್ಮಿನ ಸಿಹಿನೀರೆಲ್ಲ ಟ್ಯಾಂಕಿಗೆ ಜೋಡಿಸಿದ ಸಂಪಿಗೆ ಬಂದು ಬೀಳುತ್ತದೆ. 100 ಲೀಟರಿಗೆ 10 ಲೀಟರ್ ಸೇರಿದರೆ 35 ಇದ್ದದ್ದು 31.8 ಆಗುತ್ತದೆ. ಹವಳ ಮುದುಡಿಕೊಳ್ಳುತ್ತದೆ, ಚೇತರಿಸಿಕೊಳ್ಳುತ್ತದೆ. 29 ಇದ್ದದ್ದು 26.4ಕ್ಕೆ ಹೋಗುತ್ತದೆ. ಅಲ್ಲಿಂದ ಚೇತರಿಕೆಯ ಮಾತು ಅದೃಷ್ಟಕ್ಕೆ ಬಿಟ್ಟದ್ದು. ಊರಿಗೆ ಹೋದಾಗ ಡ್ರಮ್ಮು ಖಾಲಿಯಾಗಿ ಉಪ್ಪು ಏರಿದರೆ ಎನ್ನುತ್ತೀರಿ. ಏರುತ್ತದೆ, ಆದರೆ ದಿನಗಳ ಮೇಲೆ ಏರುತ್ತದೆ. ಸಂಪಿನ ನೀರು ತಳ ಕಂಡು ಪಂಪು ಗೊರಗೊರ ಎನ್ನತೊಡಗುತ್ತದೆ, ಮನೆಯಲ್ಲಿ ಉಳಿದವರು ಫೋನ್ ಮಾಡುತ್ತಾರೆ. ಉಪ್ಪು ಇಳಿಯುವ ಅಪಘಾತ ಸದ್ದಿಲ್ಲದೆ, ಒಂದೇ ರಾತ್ರಿಯಲ್ಲಿ ಆಗುತ್ತದೆ. ಅಪಾಯ ಯಾವ ಕಡೆಯಿಂದ ಬೇಗ ಬರುತ್ತದೋ ಆ ಕಡೆ ಜಾಗ ಬಿಟ್ಟುಕೊಳ್ಳಬೇಕು. ಕಮ್ಮಿ ಪಕ್ಷದವರು ಸರಿಯಾಗಿ ಆ ಕಡೆಯೇ ಜಾಗ ಮುಗಿಸಿಕೊಂಡಿದ್ದಾರೆ.

ಇಷ್ಟೂ ಹೊತ್ತು ನಾನು ಅವರ ಅಂಕಿಯನ್ನು ನಂಬಿ ಮಾತಾಡಿದೆ. ನಂಬಬೇಕೇ ಎನ್ನುವುದು ಮುಂದಿನ ಪ್ರಶ್ನೆ. ‘ನಂದು ಟ್ವೆಂಟಿ ಟೂ’ ಎನ್ನುವವರನ್ನು ಯಾವುದರಲ್ಲಿ ಅಳೆದಿರಿ ಎಂದು ಕೇಳಿ ನೋಡಿ.

ಅಗ್ಗದಲ್ಲಿ ಸಿಗುವುದು ಮುಳ್ಳು ಏರಿಳಿಯುವ ಪ್ಲಾಸ್ಟಿಕ್ ಹೈಡ್ರೋಮೀಟರ್. ನೀರು ತುಂಬಿದಾಗ ಮುಳ್ಳಿಗೆ ಸಣ್ಣ ಗುಳ್ಳೆಗಳು ಅಂಟುತ್ತವೆ, ಅವು ಮುಳ್ಳನ್ನು ಎತ್ತಿಹಿಡಿಯುತ್ತವೆ, ಅಂಕಿ ನಿಜಕ್ಕಿಂತ ಮೇಲೆ ತೋರುತ್ತದೆ. ಅಂದರೆ ಟ್ಯಾಂಕಿನಲ್ಲಿ ಉಪ್ಪು ಇನ್ನೂ ಕಡಿಮೆ. ಸ್ವಲ್ಪ ಖರ್ಚು ಮಾಡುವವರು ರಿಫ್ರಾಕ್ಟೋಮೀಟರ್ ಕೊಳ್ಳುತ್ತಾರೆ. ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಮಡಿಸಿ, ಕಿಟಕಿಯ ಬೆಳಕಿಗೆ ಹಿಡಿದರೆ ನೀಲಿಗೂ ಬಿಳಿಗೂ ನಡುವೆ ಗೆರೆ ಕಾಣುತ್ತದೆ. ವಿಜ್ಞಾನದ ಉಪಕರಣ ಹಿಡಿದ ಧೈರ್ಯ ಬರುತ್ತದೆ. ಆದರೆ ಮಾರುಕಟ್ಟೆಯಲ್ಲಿ ಬರುವ ಎಷ್ಟೋ ರಿಫ್ರಾಕ್ಟೋಮೀಟರ್‌ಗಳ ಅಳತೆಪಟ್ಟಿ ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಹಾಕಿದ್ದು. ಅವು ಆಹಾರ ಕಾರ್ಖಾನೆಯ ಉಪ್ಪುನೀರು ಅಳೆಯಲು ಹುಟ್ಟಿದವು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಇರುವುದರಿಂದ ಅದು ಬೆಳಕನ್ನು ಬಗ್ಗಿಸುವ ರೀತಿ ಬೇರೆ. 35ರ ಸಮುದ್ರದ ನೀರಿನ ವಕ್ರೀಭವನಾಂಕ 1.3394; ಬರೀ ಸೋಡಿಯಂ ಕ್ಲೋರೈಡಿನಲ್ಲಿ ಅಷ್ಟೇ ಬರಬೇಕಾದರೆ 36.5 ಗ್ರಾಂ ಬೇಕು. ಅಂಥ ಉಪಕರಣ 35 ಎಂದು ತೋರಿಸಿದಾಗ ನಿಜವಾಗಿ ಇರುವುದು 33.5.

ಆರ್‌ಒ ನೀರು ಹಾಕಿ ಸೊನ್ನೆಗೆ ತಂದಿದ್ದೇನೆ, ಹಾಗಾಗಿ ನನ್ನದು ಸರಿ ಎನ್ನುತ್ತಾರೆ. ಸೊನ್ನೆಯ ಬಳಿ ಸರಿಯಿದ್ದರೆ ಸೊನ್ನೆಯ ಬಳಿ ಸರಿಯಿದೆ, ಅಷ್ಟೇ. ನಮಗೆ ಬೇಕಾದದ್ದು 35ರ ಬಳಿ. ಇನ್ನು 1.025 ಅಂದರೆ ಸಮುದ್ರದ ನೀರು ಎಂದು ಕಣ್ಣು ಮುಚ್ಚಿ ನಂಬಿದವರದೂ 33 ಚಿಲ್ಲರೆ ಎನ್ನುವುದನ್ನು ಸೇರಿಸಿ. ಗುಳ್ಳೆ ಕಟ್ಟಿದ ಮುಳ್ಳು, ಬೇರೆ ಉಪ್ಪಿನ ಅಳತೆಪಟ್ಟಿ, ಕೆಳಗೆ ದುಂಡಾಗಿಸಿದ ಅಂಕಿ, ಮೂರೂ ತಪ್ಪುಗಳು ವಾಲುವುದು ಒಂದೇ ಕಡೆಗೆ. 35 ಇದೆ ಎಂದುಕೊಂಡವರ ಟ್ಯಾಂಕು 32ರಲ್ಲಿರುವುದು ಇಲ್ಲಿ ಅಪರೂಪವಲ್ಲ. ಹಾಗಿರುವಾಗ ಬೇಕೆಂದೇ ಇಳಿಸಿ 29 ಎಂದುಕೊಂಡವರದು ಎಲ್ಲಿಗೆ ಮುಟ್ಟಿರುತ್ತದೆ?

ಕಡಿಮೆ ಉಪ್ಪಿನ ಬಲುದೊಡ್ಡ ನಷ್ಟ ಉಪ್ಪಿನ ಹೆಸರಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿ ನೀರು ತಂದಿತು. ಆ ಪೈಕಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ 1884ರಲ್ಲಿ ಪ್ರಕಟಿಸಿದ. ಒಟ್ಟು ಲವಣ ಊರಿಂದೂರಿಗೆ ಬದಲಾದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಬದಲಾಗುವುದಿಲ್ಲ ಎಂಬ ಮಾತು ಅದರಿಂದ ಗಟ್ಟಿಯಾಯಿತು. ಸಾಗರವಿಜ್ಞಾನ ನಿಂತಿರುವ ನೆಲಗಟ್ಟುಗಳಲ್ಲಿ ಇದೂ ಒಂದು. ನಿಮ್ಮ ಟ್ಯಾಂಕಿಗೆ ಇದನ್ನು ಅನ್ವಯಿಸಿ. 35ರಲ್ಲಿ ಕ್ಯಾಲ್ಸಿಯಂ ಸುಮಾರು 410, ಮೆಗ್ನೀಸಿಯಂ ಸುಮಾರು 1280 ಪಿಪಿಎಂ. 29ಕ್ಕೆ ಇಳಿದರೆ ಕ್ಯಾಲ್ಸಿಯಂ 340, ಮೆಗ್ನೀಸಿಯಂ 1060. ಪೊಟ್ಯಾಸಿಯಂ, ಸ್ಟ್ರಾನ್ಷಿಯಂ, ಬೋರಾನ್ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿದಿರುತ್ತವೆ.

ಈಗ ಹವ್ಯಾಸಿ ಟೆಸ್ಟ್ ಕಿಟ್ ತೆಗೆಯುತ್ತಾನೆ. ಕ್ಯಾಲ್ಸಿಯಂ ಕಡಿಮೆ! ಕ್ಯಾಲ್ಸಿಯಂ ಬಾಟಲಿ ಬರುತ್ತದೆ. ಮೆಗ್ನೀಸಿಯಂ ಕಡಿಮೆ, ಇನ್ನೊಂದು ಬಾಟಲಿ. ಆಲ್ಕಲಿನಿಟಿಗೆ ಮತ್ತೊಂದು, ‘ಟ್ರೇಸ್ ಎಲಿಮೆಂಟ್ಸ್’ ಎಂದು ಬರೆದ ದುಬಾರಿ ಪುಟ್ಟ ಬಾಟಲಿ ಮಗದೊಂದು. ಕಿಟ್ ಅಳೆಯುವ ಮೂರು ಅಂಕಿಗಳು ಸರಿಹೋಗುತ್ತವೆ. ಕಿಟ್ ಅಳೆಯದ ಹತ್ತಾರು ಹಾಗೇ ಕಡಿಮೆ ಉಳಿಯುತ್ತವೆ. ಪ್ರಕೃತಿ ಕಾಯ್ದುಕೊಂಡ ಪ್ರಮಾಣ ಕೈಯಾರೆ ಕೆಡುತ್ತದೆ. ಮುಂದೊಂದು ದಿನ ಯಾರದೋ ಮಾತು ಕೇಳಿ ಉಪ್ಪನ್ನು 35ಕ್ಕೆ ಏರಿಸಿದಾಗ, ಸುರಿದು 410 ಮಾಡಿಟ್ಟಿದ್ದ ಕ್ಯಾಲ್ಸಿಯಂ 480 ಮುಟ್ಟುತ್ತದೆ. ಬಾಟಲಿಗಳಲ್ಲಿ ಹುಡುಕುತ್ತಿದ್ದದ್ದು ಅಷ್ಟೂ ಉಪ್ಪಿನ ಬಕೆಟ್ಟಿನಲ್ಲೇ ಇತ್ತು. ನೀರಿನ ಕುರಿತು ಯಾರೇ ದೂರು ಹೇಳಲಿ, ಲವಣ ಎಷ್ಟು ಎಂದು ಕೇಳದೆ ಬಾಟಲಿ ಬರೆದುಕೊಡುವವನು ಮಾರಾಟಗಾರನಾಗಿರಬಹುದು, ಸಲಹೆಗಾರನಲ್ಲ.

ಹಣದ ಮಾತು ಬಂದೇ ಬಿಟ್ಟಿತು. ಅಂಗಡಿಯ ತೊಟ್ಟಿಗಳೆಲ್ಲ ಸೇರಿ 5000 ಲೀಟರ್ ಇದ್ದರೆ 35ರ ಬದಲು 29ರಲ್ಲಿ ನಡೆಸುವುದರಿಂದ ಒಂದು ಭರ್ತಿಗೆ 30 ಕಿಲೋ ಉಪ್ಪು ಉಳಿಯುತ್ತದೆ. ಅದು ಒಂದೂವರೆ ಬಕೆಟ್. ಮೀನು ಬರುತ್ತಿರುತ್ತದೆ, ಹೋಗುತ್ತಿರುತ್ತದೆ, ನೀರು ಬದಲಾಗುತ್ತಿರುತ್ತದೆ. ವ್ಯಾಪಾರಿಗೆ ಈ ಲೆಕ್ಕ ಸಾಧುವೇ. ಮನೆಯಲ್ಲಿ? 200 ಲೀಟರಿನ ಟ್ಯಾಂಕಿಗೆ ವಾರಕ್ಕೆ 20 ಲೀಟರ್ ನೀರು ಬದಲಾಯಿಸಿದರೆ ಉಳಿಯುವುದು 120 ಗ್ರಾಂ, ವರ್ಷಕ್ಕೆ 6 ಕಿಲೋ ಚಿಲ್ಲರೆ. ಒಂದು ಬಕೆಟ್ಟಿನ ಮೂರನೇ ಒಂದು ಪಾಲೂ ಅಲ್ಲ. ಅಷ್ಟನ್ನು ಉಳಿಸಲು ಹೋಗಿ ಬಾಟಲಿಗಳಿಗೆ ಕೊಡುವುದೆಷ್ಟು, ಸತ್ತ ಹವಳದ ಜಾಗಕ್ಕೆ ಇನ್ನೊಂದು ತರಲು ಕೊಡುವುದೆಷ್ಟು ಎಂದು ಅವರವರೇ ಕೂಡಿ ನೋಡಿಕೊಳ್ಳಲಿ.

ಕೊನೆಗೆ ಉಳಿಯುವುದು ಅನುಭವದ ವಾದ: ‘ನನ್ನ ಟ್ಯಾಂಕಿನಲ್ಲಿ ವರ್ಷಗಟ್ಟಲೆಯಿಂದ ಹೀಗೇ ಇದೆ, ಹವಳ ಬದುಕಿದೆ.’ ಬದುಕಿರಬಹುದು. ಜೊಆಂಥಸ್, ಮಶ್ರೂಮ್, ಲೆದರ್ ಜಾತಿಯ ಮೆತ್ತನೆ ಹವಳಗಳು ಎಂಥೆಂಥದನ್ನೋ ತಡೆದುಕೊಳ್ಳುತ್ತವೆ. ಸುಣ್ಣದ ಅಸ್ಥಿ ಕಟ್ಟುವ ಆಕ್ರೊಪೊರಾ ಇಟ್ಟು ತೋರಿಸಿ; ತುದಿ ಬೆಳೆಯುತ್ತಿದೆಯೇ, ಬುಡದಲ್ಲಿ ಮಾಂಸ ಬಂಡೆಯ ಮೇಲೆ ಹರಡುತ್ತಿದೆಯೇ ಎಂದು ತೋರಿಸಿ. ಸಾಯದೆ ಉಳಿದದ್ದನ್ನೇ ಸಾಧನೆ ಎನ್ನಲು ಇನ್ನೊಂದು ಅಡ್ಡಿಯಿದೆ. ನಮ್ಮ ಕಡಲಿನ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಗಟ್ಟಿ ಹವಳಗಳು 2001ರಲ್ಲಿ ಆ ಪಟ್ಟಿ ಸೇರಿದವು. ಅದನ್ನು ಕೀಳುವುದು, ಮಾರುವುದು ಅಪರಾಧ. ಹೊರದೇಶದಿಂದ ಬರುವ ಗಟ್ಟಿ ಹವಳವೂ ಅಂತಾರಾಷ್ಟ್ರೀಯ ನಿಯಂತ್ರಣದ ವಸ್ತು. ಹುಲಿಯ ಸಾಲಿನಲ್ಲಿ ಕಾನೂನು ಕೂರಿಸಿದ ಜೀವಿಯ ಬಂಧುವನ್ನು ಕೋಣೆಗೆ ತಂದುಕೊಂಡ ಮೇಲೆ ಅದರ ನೀರಿನ ಮೊದಲ ಅಂಕಿಯಲ್ಲೇ ಚೌಕಾಸಿ ಮಾಡುವುದು ತರವಲ್ಲ.

ಸರಿಯಾಗಿ ನಡೆಸುವುದೇನು ದೊಡ್ಡ ವಿದ್ಯೆಯಲ್ಲ. ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ ತೂಗಿ 963.5 ಗ್ರಾಂ ಆರ್‌ಒ ನೀರಿಗೆ ಕರಗಿಸಿ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ರಿಫ್ರಾಕ್ಟೋಮೀಟರ್ ಅದರಲ್ಲಿ 35 ತೋರಿಸುವಂತೆ ತಿರುಪು ತಿರುಗಿಸಿ. ಇಷ್ಟು ಮಾಡಿದರೆ ಅಳತೆಪಟ್ಟಿ ಯಾವ ಉಪ್ಪಿಗೆ ಹಾಕಿದ್ದೆಂಬ ಗೊಡವೆಯೂ ತಪ್ಪುತ್ತದೆ. ವಾಹಕತೆ ಅಳೆಯುವ ಮೀಟರ್ ಇದ್ದವರು 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್ ಇದೆಯೇ ನೋಡಲಿ; ಸಾಗರವಿಜ್ಞಾನಿಗಳೇ 1978ರಿಂದ ಲವಣಾಂಶವನ್ನು ವಾಹಕತೆಯಿಂದ ನಿರೂಪಿಸುತ್ತಿದ್ದಾರೆ. ಟ್ಯಾಂಕು ಕೆಳಗಿದ್ದರೆ ಒಮ್ಮೆಗೇ ಉಪ್ಪು ಸುರಿಯಬೇಡಿ. ಆವಿಯಾದ ನೀರಿನ ಜಾಗಕ್ಕೆ ಕೆಲವು ದಿನ ಸಿಹಿನೀರಿನ ಬದಲು 35ರ ಉಪ್ಪುನೀರು ತುಂಬಿ, ದಿನಕ್ಕೆ 1 ಗ್ರಾಂ ಮೀರದಂತೆ ಏರಲಿ. ಮುಟ್ಟಿದ ಮೇಲೆ ಆರ್‌ಒ ನೀರಿಗೆ ಮರಳಿ. ಬೋರ್‌ವೆಲ್ ನೀರನ್ನು ಮಾತ್ರ ಯಾವ ಕಾಲಕ್ಕೂ ತುಂಬಬೇಡಿ. ಅದರ ಗಡಸು ಆವಿಯಾಗದೆ ದಿನದಿನಕ್ಕೂ ಟ್ಯಾಂಕಿನಲ್ಲಿ ಕೂಡುತ್ತ ಹೋಗುತ್ತದೆ. ವಾರಕ್ಕೊಮ್ಮೆ ಅಳೆದು ತಾರೀಖು ಹಾಕಿ ಬರೆದಿಡಿ.

ಅಂಗಡಿಯವರಲ್ಲಿ ಒಂದೇ ಬೇಡಿಕೆ. ನಿಮ್ಮ ತೊಟ್ಟಿಯ ಲವಣ ಎಷ್ಟೆಂದು ಚೀಲದ ಮೇಲೆ ಬರೆಯಿರಿ, ಮನೆಯಲ್ಲಿ ಅಷ್ಟೇ ಇಡಿ ಎಂದು ಹೇಳಬೇಡಿ. ನಿಮ್ಮ ತೊಟ್ಟಿ ಪ್ರಾಣಿ ತಂಗುವ ಜಾಗ, ಕೊಂಡವರ ಟ್ಯಾಂಕು ಅದು ಬಾಳಬೇಕಾದ ಜಾಗ. ಕಮ್ಮಿ ಉಪ್ಪೇ ಹವಳಕ್ಕೆ ಒಳಿತೆಂದು ಇಷ್ಟಾದ ಮೇಲೂ ಅನ್ನುವವರು ಮುಂದಿನ ಸಲ ಮೀನನ್ನು ಸಾಕ್ಷಿಗೆ ಕರೆಯದಿರಲಿ. ಸರಿಮಾಡಿದ ಉಪಕರಣದಲ್ಲಿ ಅಳೆದ ಅಂಕಿ, ಅಳೆದ ತಾರೀಖು, ಆ ನೀರಿನಲ್ಲಿ ಬೆಳೆದ ಗಟ್ಟಿ ಹವಳ, ಈ ಮೂರನ್ನೂ ಒಟ್ಟಿಗೆ ತಂದು ಮುಂದಿಡಲಿ. ತರುವವರೆಗೂ ‘ಸ್ವಲ್ಪ ಕಮ್ಮಿ ಇರಲಿ’ ಎನ್ನುವುದು ಮಾರುವವನಿಗೆ ಉಳಿತಾಯ, ಕೊಂಡವನಿಗೆ ಖರ್ಚು.